ಪೆಟ್ಟಿಗೆ ಕಂಪ್ಯೂಟರಿಗೆ ಕಟ್ಟಿದ ಬೆಲೆ

ಬದನವಾಳು
12-6-2002

ಅಣ್ಣನಿಗೆ ಮಂಗಳ ಮಾಡುವ ನಮಸ್ಕಾರ.

ಈ ಕಾಗದವನ್ನು ಖಾದಿ ಕೇಂದ್ರದಲ್ಲಿ ಕೂತು, ಊಟದ ಬಿಡುವಿನಲ್ಲಿ ಬರೀತಿದ್ದೀನಿ. ಪಕ್ಕದ ರಾಟೆಯ ಪುಟ್ಟಮಾದಮ್ಮ "ಯಾರಿಗವ್ವ ಕಾಗ್ದ?" ಅಂದಳು. ನರಸೀಪುರದ ಅಣ್ಣನಿಗೆ ಅಂದೆ. "ಬಸ್ ಅತ್ತಿದ್ರೆ ಒಂದು ಗಂಟೆ ದಾರಿ, ಅದಕ್ಕೂ ಕಾಗ್ದವಾ?" ಅಂತ ನಕ್ಕಳು. ನಗಲಿ. ಫೋನ್ ಮಾಡೋಣ ಅಂದರೆ ಬೂತಿನಲ್ಲಿ ಹತ್ತು ಜನ ಕಿವಿ ಕೊಟ್ಟು ನಿಂತಿರ್ತಾರೆ.

ನಮ್ಮ ಮನೆಯವರ ಕಂಪ್ಯೂಟರಿನ ವಿಷಯ. ನಾಲ್ಕು ವರ್ಷದ ಹಿಂದೆ ದಾರದ ಕಾರ್ಖಾನೆ ಮುಚ್ಚಿದಾಗ, ಬಾಕಿ ಸಂಬಳಕ್ಕೆ ಬದಲು ಒಳಗಿರೋ ಸಾಮಾನು ತಗೊಂಡು ಹೋಗಿ ಅಂದರಲ್ಲ. ಒಬ್ಬ ಫ್ಯಾನು ಬಿಚ್ಚಿಕೊಂಡ, ಇನ್ನೊಬ್ಬ ಬೀರು ಹೊತ್ತುಕೊಂಡ. ಇವರು ತಾವು ಲೆಕ್ಕ ಬರೀತಿದ್ದ ಕಂಪ್ಯೂಟರನ್ನೇ ತಂದರು. ಅದು ಅರವತ್ತು ಸಾವಿರಕ್ಕೆ ಸಮ ಅಂತ ಕಾರ್ಖಾನೆಯವರು ಬರೆದುಕೊಟ್ಟಿದ್ದಾರೆ. ಅವತ್ತಿನಿಂದ ಇವರು ಅದರ ಮುಂದೆ ಕೂತವರು ಎದ್ದಿಲ್ಲ ಅಣ್ಣ. ಮನೆ ನಡೀತಿರೋದು ನನ್ನ ನೂಲಿನಲ್ಲಿ.

ಹೋದ ವಾರ ಹೆಮ್ಮರಗಾಲದ ಹಾಲಿನ ಡೇರಿ ಅಧ್ಯಕ್ಷರು ಮಾದಯ್ಯನವರು ಮನೆಗೇ ಬಂದಿದ್ದರು. "ಸ್ವಾಮಿಗಳೇ, ಲೆಕ್ಕ ಬರಿಯೋರು ಬೇಕಾಗವ್ರೆ, ಬನ್ನಿ" ಅಂದರು. ಇವರು ಪೆಟ್ಟಿಗೆ ಕಡೆ ನೋಡಿ "ಇದು ಇರೋ ತನಕ ನನಗೆ ಇಲ್ಲೇ ಕೆಲಸ ಇದೆ" ಅಂದರು. ಏನು ಕೆಲಸ ಅಂತ ಮಾದಯ್ಯ ಕೇಳಲಿಲ್ಲ, ದೊಡ್ಡ ಮನುಷ್ಯ. ದಸರಾ ತನಕ ಕಾಯ್ತೀನಿ ಅಂದು ಹೋದರು.

ಆಮೇಲೆ ನಾನು, ಇದನ್ನ ಕೊಟ್ಟುಬಿಡೋಣವಾ ಅಂತ ಕೇಳಿದೆ. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನ್ಯಾಯವಾದ ಬೆಲೆ ಬಂದರೆ ಕೊಡ್ತೀನಿ. ಮಾರನೇ ದಿನವೇ ಡೇರಿಗೆ ಹೋಗ್ತೀನಿ" ಅಂದರು.

ಆ ಬೆಲೆ ಎಷ್ಟು ಅಣ್ಣ? ಕಮ್ಮಿ ಹೇಳಿದರೆ ಮನುಷ್ಯ ಕುಸಿದುಹೋಗ್ತಾರೆ. ಜಾಸ್ತಿ ಹೇಳಿದರೆ ಇದರಲ್ಲಿ ನನ್ನ ಕೈ ಇದೆ ಅಂತ ಕಂಡುಹಿಡೀತಾರೆ. ಬೆಲೆ ಕಟ್ಟೋದರಲ್ಲಿ ನಿನ್ನನ್ನ ಬಿಟ್ಟು ನನಗೆ ಯಾರು ಗೊತ್ತು? ಉತ್ತರ ನಂಜನಗೂಡಿನ ಮನೆಗೆ ಬರೀಬೇಡ. ಕೇಂದ್ರದ ವಿಳಾಸಕ್ಕೆ ಬರಿ.

ನಿನ್ನ ತಂಗಿ,
ಮಂಗಳ

*

ತಿ. ನರಸೀಪುರ
18-6-2002

ಮಂಗಳನಿಗೆ ಅಣ್ಣನ ಆಶೀರ್ವಾದ. ನಾವು ಚೆನ್ನಾಗಿದ್ದೀವಿ. ನೀವು ಚೆನ್ನಾಗಿಲ್ಲ ಅಂತ ನಿನ್ನ ಕಾಗದದಲ್ಲೇ ಇದೆ, ಆದ್ದರಿಂದ ಅದನ್ನು ಕೇಳಲ್ಲ.

ಮೊದಲು ಒಂದು ವಿಷಯ ಇತ್ಯರ್ಥ ಮಾಡ್ಕೊಳ್ಳೋಣ. ಭಾವ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ. ಕಾರಣ ನಿಮ್ಮ ಗೋಡೆ ಗಡಿಯಾರ. ಕಾರ್ಖಾನೆಯವರು ಅವರ ಸೇವೆ ಮೆಚ್ಚಿ ಕೊಟ್ಟಿದ್ದು. ನೆಂಟರೆಲ್ಲ ಕೂತಿದ್ದಾಗ ನಾನು ಅದನ್ನು ಇಳಿಸಿ, ಹಿಂದುಮುಂದು ತಿರುಗಿಸಿ, "ಒಳಗೆಲ್ಲ ಪ್ಲಾಸ್ಟಿಕ್ಕು, ನೂರಿಪ್ಪತ್ತರ ಮೇಲೆ ಹೋಗಲ್ಲ" ಅಂದೆ. ಇವತ್ತಿಗೂ ಅದು ನೂರಿಪ್ಪತ್ತೇ ಕಣವ್ವ. ಬೆಲೆ ನಿಜ ಅಂದ ಮಾತ್ರಕ್ಕೆ ಬಾಯಿ ಬಿಟ್ಟು ಹೇಳಬೇಕು ಅಂತೇನಿಲ್ಲ ಅನ್ನೋದು ನಿಮ್ಮತ್ತಿಗೆ ವಾದ. ಅವಳು ಅಂಗಡಿ ನಡೆಸಿದವಳಲ್ಲ.

ಹೆಮ್ಮಿಗೆಯಿಂದ ಎರಡು ಅಂಗಿ ಸುತ್ತಿಕೊಂಡು ಬಂದೋನು ನಾನು. ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದೆ, ಆಮೇಲೆ ಈ ಹಳೇ ಸಾಮಾನಿನ ಅಂಗಡಿ ಇಟ್ಟೆ. ಇಷ್ಟರಲ್ಲಿ ಕಲಿತದ್ದು ಏನಪ್ಪಾ ಅಂದರೆ, ಯಾವ ವಸ್ತುವಿಗೂ ಅದರದೇ ಅಂತ ಒಂದು ಬೆಲೆ ಇರಲ್ಲ. ಕೊಡೋನ ಸಂಕಟ ಒಂದು ಹೇಳುತ್ತೆ, ತಗೊಳ್ಳೋನ ಚಪಲ ಇನ್ನೊಂದು ಹೇಳುತ್ತೆ. ನಡುವೆ ನಿಂತೋನು ತನ್ನ ಊಟ ದುಡಿದುಕೋಬೇಕು.

ಎತ್ತಾಗಿದ್ದರೆ ಬಾಯಿ ಬಿಡಿಸಿ ಹಲ್ಲು ನೋಡ್ತಿದ್ದೆ, ಮೈ ಸವರಿ ಸುಳಿ ನೋಡ್ತಿದ್ದೆ. ಕಂಪ್ಯೂಟರಿಗೆ ಹಲ್ಲೆಲ್ಲಿ? ಮೊನ್ನೆ ಮೈಸೂರಿಗೆ ಹೋದಾಗ ಒಬ್ಬ ಕಂಪ್ಯೂಟರ್ ಅಂಗಡಿಯವನನ್ನೇ ಕೇಳಿದೆ. "ಯಾವ ಕಾಲದ್ದು ಸಾ?" ಅಂದ. "ಎಂಬತ್ತೈದನೇ ಇಸವೀದು" ಅಂದೆ. "ಮನೇಲಿ ಬುಡ್ಡಿ ದೀಪ ಇದ್ರೆ ಪಕ್ಕದಲ್ಲಿ ಮಡಗಿ, ಜೋಡಿ ಚೆಂದ ಕಾಣುತ್ತೆ" ಅಂದ. ಗುಜರಿಗೆ ತೂಗಿದರೆ ನೂರೈವತ್ತು ರೂಪಾಯಿ. ಇದು ಪೇಟೆ ಬೆಲೆ. ಭಾವನಿಗೆ ಹೇಳೋ ಬೆಲೆ ಅಲ್ಲ.

ಆದ್ದರಿಂದ ನಾನೇ ತಗೋತೀನಿ. ಮೈಸೂರಿನಲ್ಲಿ ಗಿರಾಕಿ ಇದ್ದಾನೆ ಅಂತ ಹೇಳಿ, ಕೈಯಿಂದ ಒಂದು ಹತ್ತು ಸಾವಿರ ಹಾಕ್ತೀನಿ. ಕಷ್ಟ ದುಡ್ಡಿನದಲ್ಲ. ಜನ್ಮದಲ್ಲಿ ಯಾರಿಗೂ ಜಾಸ್ತಿ ಕೊಟ್ಟು ಅಭ್ಯಾಸ ಇಲ್ಲ. ನಾನು ಜಾಸ್ತಿ ಕೊಡ್ತೀನಿ ಅಂದರೆ ನರಸೀಪುರದ ಬೀದಿ ನಾಯಿಯೂ ಅನುಮಾನದಿಂದ ಮೂಸುತ್ತೆ, ಇನ್ನು ಭಾವ ಬಿಡ್ತಾರಾ? ಹೇಗೆ ಮಾಡೋದು ಅಂತ ಯೋಚಿಸ್ತಿದ್ದೀನಿ. ಅಷ್ಟರಲ್ಲಿ ನೀನು ಆ ಪೆಟ್ಟಿಗೆ ಹೇಗಿದೆ, ಅವರ ಮನಸ್ಸಿನಲ್ಲಿ ಯಾವ ಅಂಕಿ ಇದೆ, ಎರಡನ್ನೂ ಬರಿ.

ಅಣ್ಣ,
ಶಿವಮಲ್ಲಪ್ಪ

*

ಬದನವಾಳು
1-7-2002

ಅಣ್ಣನಿಗೆ ನಮಸ್ಕಾರ.

ಪೆಟ್ಟಿಗೆ ಹೊಲಿಗೆ ಮಿಷನ್ನಿನಷ್ಟಿದೆ. ಮೇಲೆ ಹಿಡಿ ಇದೆ, ಎತ್ತಿಕೊಂಡು ಹೋಗಬಹುದು, ಆದರೆ ಎತ್ತಿದವರು ಒಂದು ಕಡೆ ವಾಲಿಕೊಂಡೇ ನಡೀಬೇಕು. ಮುಚ್ಚಳ ತೆಗೆದರೆ ಅದೇ ಟೈಪ್ ಮಾಡೋ ಹಲಗೆ. ಒಳಗೆ ಅಂಗೈ ಅಗಲದ ಗಾಜು, ಹಸಿರು ಅಕ್ಷರ ಬರುತ್ತೆ.

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಇಸ್ತ್ರಿ ಅಂಗಿ ತೊಟ್ಟು ಅದರ ಮುಂದೆ ಕೂರ್ತಾರೆ. ತಾರೀಖು ಬರೀತಾರೆ. ದಾಸ್ತಾನು ಇಲ್ಲ, ಖರೀದಿ ಇಲ್ಲ, ಮಾರಾಟ ಇಲ್ಲ ಅಂತ ಬರೀತಾರೆ. ಮುಚ್ಚಿದ ಕಾರ್ಖಾನೆಯ ಲೆಕ್ಕ ಅಣ್ಣ. ಭಾನುವಾರ ಮಾತ್ರ ಬರೆಯಲ್ಲ. ರಜೆ ಅಂತೆ. ನಾನು ಒಂದು ಸಲ ನಗೋಕೆ ಹೋದೆ, ನಗು ಬರಲಿಲ್ಲ.

ಮನಸ್ಸಿನಲ್ಲಿರೋ ಅಂಕಿ ಹದಿನೆಂಟು ಸಾವಿರ ಚಿಲ್ಲರೆ. ವರ್ಷ ವರ್ಷ ಏನೋ ಸವಕಳಿ ಕಳೆದು ಬಂದ ಲೆಕ್ಕ. ನೀನು ಒಮ್ಮೆಗೇ ಹತ್ತು ಅನ್ನಬೇಡ. ಹೋದ ವರ್ಷ ನೀನು ಕಳಿಸಿದ ಅಕ್ಕಿ ಮೂಟೆಯನ್ನು ಅದೇ ಬಸ್ಸಿನಲ್ಲಿ ವಾಪಸ್ ಹತ್ತಿಸಿದ್ದು ನೆನಪಿದೆ ತಾನೆ? ಕಂಡಕ್ಟರಿಗೆ ಲಗೇಜ್ ಚಾರ್ಜು ಕೂಡ ಅವರೇ ಕೊಟ್ಟರು, ಕೈಯಲ್ಲಿ ಬೇರೆ ದುಡ್ಡಿರಲಿಲ್ಲ. ಧರ್ಮದ ವಾಸನೆ ಬಂದರೆ ಇದೂ ಹಾಗೇ ಆಗುತ್ತೆ. ಡೇರಿಯೂ ಹೋಗುತ್ತೆ.

ಮಂಗಳ

*

ತಿ. ನರಸೀಪುರ
9-7-2002

ಮಹಾದೇವಸ್ವಾಮಿ ಭಾವನವರಿಗೆ,

ಇದು ವ್ಯಾಪಾರದ ಕಾಗದ. ನೆಂಟಸ್ತಿಕೆ ಇದರಲ್ಲಿ ಬರುವುದಿಲ್ಲ, ಆದ್ದರಿಂದ ಓದಬಹುದು.

ತಮ್ಮ ಬಳಿ ಒಂದು ಹಳೆಯ ಕಂಪ್ಯೂಟರು ಇದೆಯೆಂದು ಕೇಳಿದ್ದೇನೆ. ಮೈಸೂರಿನ ಒಬ್ಬರು ಅಂಥದ್ದನ್ನು ಹುಡುಕುತ್ತಿದ್ದಾರೆ. ಮಾಲು ಹಳೆಯದು, ಪೇಟೆಯಲ್ಲಿ ಚಲಾವಣೆ ಇಲ್ಲದ್ದು, ಹೊರಲು ಭಾರ. ಇಷ್ಟನ್ನೂ ಗಮನಿಸಿ ನಾಲ್ಕು ಸಾವಿರ ಕೊಡಬಹುದೆಂದು ನನ್ನ ಅಂದಾಜು. ಒಪ್ಪಿಗೆಯಿದ್ದರೆ ತಿಳಿಸಿ. ಇಲ್ಲದಿದ್ದರೆ ಈ ಕಾಗದದ ಹಿಂದೆ ಇನ್ನೂ ಜಾಗವಿದೆ, ಲೆಕ್ಕ ಹಾಕಲು ಬಳಸಿಕೊಳ್ಳಿ.

ಇತಿ,
ಶಿವಮಲ್ಲಪ್ಪ

*

ನಂಜನಗೂಡು
15-7-2002

ಶ್ರೀ ಶಿವಮಲ್ಲಪ್ಪನವರಿಗೆ,

ತಮ್ಮ 9ನೇ ತಾರೀಖಿನ ಪತ್ರ ತಲುಪಿತು. ತಾವು ಸೂಚಿಸಿದ ಮೊತ್ತ ಒಪ್ಪತಕ್ಕದ್ದಲ್ಲ.

ಯಂತ್ರ ನನ್ನ ಸ್ವಾಧೀನಕ್ಕೆ ಬಂದಾಗಿನ ಬೆಲೆ ರೂ. 60,000. ವರ್ಷಕ್ಕೆ ನಾಲ್ಕನೇ ಒಂದು ಭಾಗದಂತೆ ನಾಲ್ಕು ವರ್ಷದ ಸವಕಳಿ ಕಳೆದರೆ ಉಳಿಯುವುದು ರೂ. 18,984 ಮತ್ತು 38 ಪೈಸೆ. ಯಂತ್ರ ಇಂದಿಗೂ ಸುಸ್ಥಿತಿಯಲ್ಲಿದೆ, ಒಂದು ದಿನವೂ ಕೆಟ್ಟಿಲ್ಲ. ಹೊರಲು ಭಾರವೆಂದು ಬರೆದಿದ್ದೀರಿ. ಹೊರುವವರು ತಾವು, ನಾನಲ್ಲ.

ಆದರೂ ತಾವು ಮೊದಲು ಬರೆದಿರುವುದನ್ನು ಮನ್ನಿಸಿ, 38 ಪೈಸೆಯನ್ನು ಬಿಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಮಹಾದೇವಸ್ವಾಮಿ

*

ತಿ. ನರಸೀಪುರ
22-7-2002

ಮಂಗಳ,

ಭಾವ ಇಳಿದಿದ್ದಾರೆ! ಮೂವತ್ತೆಂಟು ಪೈಸೆ. ನಗಬೇಡ. ಸಂತೆಯಲ್ಲಿ ಮೊದಲ ಕಾಸು ಇಳಿಸಿದೋನು ಎತ್ತು ಕೊಡೋನೇ. ಕೊಡದೇ ಇರೋನು ಕಾಸಿನ ಮಾತೇ ಆಡಲ್ಲ, ಎತ್ತಿನ ಗುಣಗಾನ ಮಾಡ್ತಾ ನಿಂತಿರ್ತಾನೆ.

ಈಗ ನಾನು ಅಳ್ತಾ ಅಳ್ತಾ ಆರಕ್ಕೆ ಏರ್ತೀನಿ, ಅವರು ಬೈತಾ ಬೈತಾ ಹದಿನಾರಕ್ಕೆ ಇಳೀತಾರೆ. ಅವಸರ ಮಾಡಬಾರದು. ನಾನು ಬೇಗ ಏರಿದರೆ ಅದೇ ಧರ್ಮದ ವಾಸನೆ. ನಿಮ್ಮತ್ತಿಗೆ ಕೇಳ್ತಾಳೆ, "ಕೊಡೋ ಮನಸ್ಸಿದ್ದ ಮೇಲೆ ಕೊಟ್ಟುಬಿಡಬಾರದಾ?" ಅಂತ. ಕೊಡೋದು ಸುಲಭ ಕಣೆ, ತಗೊಳ್ಳೋ ಹಾಗೆ ಕೊಡೋದು ಕಷ್ಟ ಅಂದೆ. ಈ ಮಾತು ನನ್ನ ಬಾಯಲ್ಲಿ ಬಂದದ್ದು ಕೇಳಿ ಹಣೆ ಮುಟ್ಟಿ ನೋಡಿದಳು.

ಅಣ್ಣ

*

ತಿ. ನರಸೀಪುರ
23-8-2002

ಮಂಗಳನಿಗೆ ಆಶೀರ್ವಾದ.

ನೀನು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ನಾನು ಬಂದು ಪೆಟ್ಟಿಗೆ ತಗೊಂಡು ಹೋದೆ ಅಂತ ಅವರೇ ಹೇಳಿರ್ತಾರೆ. ಹೇಗೆ ನಡೀತು ಅಂತ ಹೇಳಿರಲ್ಲ. ನಾನು ಹೇಳ್ತೀನಿ.

ಕಾಗದದಲ್ಲಿ ನಾನು ಎಂಟಕ್ಕೂ ಅವರು ಹದಿಮೂರಕ್ಕೂ ಬಂದು ನಿಂತಿದ್ದೆವು. ಇನ್ನು ಎದುರಾಬದುರು ಕೂತರೇ ಆಗೋದು ಅಂತ ಹೊರಟೆ. ಬಾಗಿಲು ತೆರೆದರು, ಚಾಪೆ ತೋರಿಸಿದರು. ಮಾತಿಲ್ಲ. ನಾನೇ ಮೊದಲು ಮಾತಾಡೋಣ ಅಂದರೆ ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ, ಗೋಡೆ ಮೇಲೆ ಇನ್ನೇನು ನೇತುಹಾಕಿದ್ದಾರೋ. ಅಷ್ಟರಲ್ಲಿ ಪಕ್ಕದ ಮನೆ ಮಂಟೇಸ್ವಾಮಿ ಬೇರೆ ಹಲ್ಲುಕಡ್ಡಿ ಆಡಿಸ್ತಾ ಜಗಲಿಗೆ ಬಂದು ನಿಂತ, "ಏನ್ ಯವಾರ ಸ್ವಾಮೇರೇ?" ಅಂತ.

ಆಗ ಭಾವ ಒಂದು ಕೆಲಸ ಮಾಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿಕೊಂಡು ನನ್ನ ಕಡೆ ಚಾಚಿದರು.

ಕಾರ್ಖಾನೆ ಗುಮಾಸ್ತರಿಗೆ ಇದು ಎಲ್ಲಿಂದ ಬಂತು ಅಂತ ಬೆರಗಾದೆ. ಆಮೇಲೆ ನೆನಪಾಯ್ತು, ಅವರಪ್ಪನೂ ವರ್ಷಾ ವರ್ಷಾ ಸಂತೆಗೆ ಎತ್ತು ಹೊಡ್ಕೊಂಡು ಬರ್ತಿದ್ದೋರು. ಟವೆಲ್ಲಿನ ಒಳಗೆ ಕೈ ಹಾಕಿದೆ. ಸಂತೆಯಲ್ಲಿ ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಒಂದು ಬೆರಳು ಹಿಡಿದರೆ ಒಂದು ಸಾವಿರ, ಪೂರ್ತಿ ಕೈ ಹಿಡಿದರೆ ಐದು. ಸುತ್ತ ನಿಂತೋರಿಗೆ ಏನೂ ಕಾಣಲ್ಲ, ಕೊಡೋನು ತಗೊಳ್ಳೋನು ಇಬ್ಬರಿಗೇ ಗೊತ್ತು. ಮಾತು ಬಿಟ್ಟೋರಿಗೆ ಅಂತಲೇ ಮಾಡಿದ ಪದ್ಧತಿ ಇದು ಅಂತ ಅವತ್ತು ಅನ್ನಿಸ್ತು. ಅವರು ಹನ್ನೆರಡು ಹಿಡಿದರು. ನಾನು ಒಂಬತ್ತು ಹಿಡಿದೆ. ಅವರು ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕೊನೆಗೆ ನಾನೇ ಪೂರ್ತಿ ಕೈ ಎರಡು ಸಲ ಹಿಡಿದೆ, ಮೇಲೊಂದು ಬೆರಳು. ಹನ್ನೊಂದು. ಮುಗೀತು. ಮಂಟೇಸ್ವಾಮಿ ಕತ್ತು ಉದ್ದ ಮಾಡಿದ್ದೇ ಬಂತು.

ದುಡ್ಡು ಕೊಟ್ಟೆ. ಅವರು ಪೆಟ್ಟಿಗೆ ಮುಚ್ಚೋಕೆ ಮುಂಚೆ ಅದರ ಸಂದಿಯಿಂದ ಕರೀ ಹಪ್ಪಳದಂಥ ಒಂದು ಚೌಕ ಎಳೆದು, ಬನಿಯನ್ನು ಅಂಗಿ ನಡುವೆ ಇಟ್ಟುಕೊಂಡರು. ಫ್ಲಾಪಿ ಅಂತಾರಲ್ಲ, ಅದು. ವೈರನ್ನೂ ಸುತ್ತಿ ಗೂಡಿನಲ್ಲಿ ಇಟ್ಟರು. ನಾನು ನೋಡಿದೆ, ಕೇಳಲಿಲ್ಲ. ಸರಿಯಾಗೇ ಇದೆ. ಎತ್ತು ಕೊಟ್ಟೋನು ಹಗ್ಗ ಕೊಡಬಾರದು, ಹಗ್ಗದ ಜೊತೆ ಮನೆ ಲಕ್ಷ್ಮಿಯೂ ಹೋಗ್ತಾಳೆ. ತಗೊಂಡೋನು ತನ್ನ ಹಗ್ಗ ತಾನು ತರಬೇಕು. ಇಪ್ಪತ್ತೆಂಟು ವರ್ಷದಲ್ಲಿ ನಾನು ಯಾರ ಹತ್ತಿರವೂ ಹಗ್ಗ ಕೇಳಿದೋನಲ್ಲ.

ಬಾಗಿಲ ತನಕ ಬಂದರು. ಒಂದು ಮಾತು ಬರುತ್ತೇನೋ ಅಂತ ಚಪ್ಪಲಿ ಮೆಟ್ಟೋಕೆ ಸ್ವಲ್ಪ ಹೊತ್ತು ತಗೊಂಡೆ. ಬರಲಿಲ್ಲ.

ಅಣ್ಣ

*

ಬದನವಾಳು
16-9-2002

ಅಣ್ಣನಿಗೆ ನಮಸ್ಕಾರ.

ಮಾರನೇ ದಿನವೇ ಡೇರಿಗೆ ಹೋದರು. ಮೊದಲ ಬಸ್ಸಿಗೆ. ಅವರಿಗೆ ಈಗ ಬುತ್ತಿ ಕಟ್ಟಬೇಕು, ನಾಲ್ಕು ವರ್ಷದಿಂದ ಕಟ್ಟಿರಲಿಲ್ಲವಲ್ಲ, ಮೊದಲ ದಿನ ಡಬ್ಬಿ ಮುಚ್ಚಳವೇ ಸಿಗಲಿಲ್ಲ. ಬಂದಮೇಲೆ ಹಾಲಿನ ಡಿಗ್ರಿ, ಫ್ಯಾಟು ಅಂತೆಲ್ಲ ಹೇಳ್ತಾರೆ. ಹಾಲಿಗೆ ನೀರು ಬೆರೆಸೋರ ಹೆಸರು ಹೇಳಲ್ಲ, ಆದರೆ ನಗ್ತಾರೆ.

ಫ್ಲಾಪಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ನಾನು ಏನೂ ಕೇಳಿಲ್ಲ.

ಅಣ್ಣ, ಮೈಸೂರಿನ ಗಿರಾಕಿ ನಿಜವಾಗಿ ಬಂದು ಪೆಟ್ಟಿಗೆ ತಗೊಂಡು ಹೋದನಾ ಅಂತ ಕೇಳಬೇಕು ಅಂದುಕೊಂಡೆ. ಬೇಡ. ಉತ್ತರ ಬರೀಬೇಡ.

ಮಂಗಳ

*

ತಿ. ನರಸೀಪುರ
24-10-2002

ಮಂಗಳ,

ನೀನು ಬರೀಬೇಡ ಅಂದಿದ್ದೆ. ಈಗ ಬರೆಯದೆ ವಿಧಿಯಿಲ್ಲ. ಗಿರಾಕಿ ಇರಲಿಲ್ಲ, ಅದು ನಿನಗೂ ಗೊತ್ತು. ಪೆಟ್ಟಿಗೆ ಅಂಗಡಿ ಮೂಲೆಯಲ್ಲಿತ್ತು. ಆಯುಧಪೂಜೆಗೆ ನಿಮ್ಮತ್ತಿಗೆ ತಕ್ಕಡಿ ಜೊತೆ ಅದಕ್ಕೂ ಒಂದು ಕುಂಕುಮ ಇಟ್ಟು, "ಹನ್ನೊಂದು ಸಾವಿರದ ದೇವರು" ಅಂದಳು.

ಮೊನ್ನೆ ಮೈಸೂರಿನಿಂದ ಒಬ್ಬ ರಿಟೈರಾದ ಇಂಜಿನಿಯರು ಬಂದರು. ಹಳೇ ರೇಡಿಯೊ ಕೂಡಿಡೋ ಹುಚ್ಚು. ರೇಡಿಯೊ ನೋಡ್ತಿದ್ದೋರು ಅದನ್ನು ಅಲ್ಲೇ ಬಿಟ್ಟು ಮೂಲೆಯ ಪೆಟ್ಟಿಗೆ ಹತ್ತಿರ ಹೋದರು. ದಲ್ಲಾಳಿ ಆದವನು ಮುಖ ನೋಡಲ್ಲ ಕಣವ್ವ, ಮುಖ ಎಲ್ಲರೂ ಕಾಯ್ಕೋತಾರೆ. ಕೈ ನೋಡ್ತಾನೆ. ಅವರ ಕೈ ಆಗಲೇ ಪೆಟ್ಟಿಗೆಯ ಹಿಡಿ ಸವರ್ತಿತ್ತು. ಈ ಥರದ್ದು ಇಡೀ ರಾಜ್ಯದಲ್ಲಿ ಎಷ್ಟಿವೆಯೋ, ಹುಡುಕ್ತಾನೇ ಇದ್ದೆ ಅಂದರು. ಹತ್ತು ಸಾವಿರ ಅಂದರು. ನನ್ನ ಬಾಯಿ ನನ್ನ ಕೇಳದೆ ಮೂವತ್ತು ಅಂದುಬಿಡ್ತು. ಇಪ್ಪತ್ತೈದಕ್ಕೆ ನಿಂತಿತು.

ಆದರೆ ಹೊತ್ತಿಸಿ ತೋರಿಸಬೇಕಂತೆ. ವೈರು ಮೈಸೂರಿನಲ್ಲಿ ಸಿಕ್ಕಿತು. ಹಚ್ಚಿದೆವು. ಹಸಿರು ಬೆಳಕು ಬಂತು, ಒಂದು ಸಾಲು ಬಂತು, ಅಷ್ಟೇ. ಆ ಕರೀ ಹಪ್ಪಳ ಹಾಕಿದರೇ ಅದಕ್ಕೆ ತಾನು ಯಾರು ಅಂತ ಗೊತ್ತಾಗೋದಂತೆ. ಬೇರೆ ಯಾವುದನ್ನು ಹಾಕಿದರೂ ಕೇಳಲ್ಲವಂತೆ, ಆ ಕಂಪನಿಯದೇ ಆಗಬೇಕಂತೆ. ಅದಿಲ್ಲದೆ ಆದರೆ ಎರಡು ಸಾವಿರ ಅಂದರು. ಹಗ್ಗ ಇಲ್ಲದ ಎತ್ತು ನಡೆಯುತ್ತೆ, ಇದು ನಡೆಯಲ್ಲ ಅಂತ ನನಗೆ ಯಾರು ಹೇಳಿದ್ದರು?

ಈಗ ನನ್ನ ಸ್ಥಿತಿ ನೋಡು. ಧರ್ಮ ಮಾಡೋಕೆ ಹೋದೋನು ಅರ್ಧ ಬೆಲೆಗೆ ಹೊಡ್ಕೊಂಡೋನು ಆದೆ. ಫ್ಲಾಪಿ ಕೊಡಿ ಅಂತ ಭಾವನಿಗೆ ಬರೆದರೆ ಯಾಕೆ ಅಂತ ಹೇಳಬೇಕು. ಹೇಳಿದರೆ ಎರಡೂ ಗೊತ್ತಾಗುತ್ತೆ, ಅವತ್ತು ಗಿರಾಕಿ ಇರಲಿಲ್ಲ ಅನ್ನೋದೂ, ಇವತ್ತು ಇದ್ದಾನೆ ಅನ್ನೋದೂ. ಏನು ಮಾಡಲಿ? ನಾನು ವ್ಯಾಪಾರದಲ್ಲಿ ಇನ್ನೊಬ್ಬರನ್ನು ಕೇಳ್ತಿರೋದು ಇದೇ ಮೊದಲು.

ಅಣ್ಣ

*

ಬದನವಾಳು
30-10-2002

ಅಣ್ಣ,

ಎರಡು ಸಾವಿರಕ್ಕೆ ಕೊಟ್ಟು ಕೈ ತೊಳ್ಕೊ. ನಿನಗೆ ಆದ ನಷ್ಟವನ್ನು ನಾನು ನೂಲಿ ತೀರಿಸ್ತೀನಿ. ಅವರಿಗೆ ಮಾತ್ರ ಬರೀಬೇಡ.

ಮೊನ್ನೆ ಮಾದಯ್ಯನವರು ಅವರ ಕೈಗೆ ಡೇರಿಯ ಬೀಗದ ಕೈ ಕೊಟ್ಟಿದ್ದಾರೆ. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡ್ತಾರೆ. ನೀನು ಕೊಟ್ಟದ್ದು ಬೆಲೆ ಅಲ್ಲ, ಧರ್ಮ ಅಂತ ಗೊತ್ತಾದ ದಿನ ಆ ಬೀಗದ ಕೈಯನ್ನೂ ಬಿಚ್ಚಿ ಕೊಟ್ಟುಬಿಡ್ತಾರೆ. ಮತ್ತೆ ಒಳಗೆ ಕೂತರೆ, ಈ ಸಲ ಮುಂದೆ ಪೆಟ್ಟಿಗೆಯೂ ಇರಲ್ಲ.

ಮಂಗಳ

*

ತಿ. ನರಸೀಪುರ
5-11-2002

ಭಾವನವರಿಗೆ,

ಇದೂ ವ್ಯಾಪಾರದ ಕಾಗದವೇ. ಬರೆಯಬೇಡ ಎಂದು ಹೇಳಿದವರಿದ್ದಾರೆ. ಮೂರು ದಿನ ಅವರ ಮಾತು ಕೇಳಿದೆ, ಇನ್ನು ಆಗಲಿಲ್ಲ.

ಜುಲೈಯಲ್ಲಿ ಮೈಸೂರಿನಲ್ಲಿ ಗಿರಾಕಿ ಇದ್ದಾರೆಂದು ಬರೆದೆನಲ್ಲ, ಅದು ಸುಳ್ಳು. ಯಾರೂ ಇರಲಿಲ್ಲ. ಪೇಟೆಯಲ್ಲಿ ನೂರೈವತ್ತು ರೂಪಾಯಿಯ ಮಾಲಿಗೆ ಹನ್ನೊಂದು ಸಾವಿರ ಕೊಟ್ಟೆ. ಯಾಕೆ ಅಂತ ತಾವು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ.

ಈಗ ನಿಜವಾಗಿ ಒಬ್ಬರು ಬಂದಿದ್ದಾರೆ. ಇಪ್ಪತ್ತೈದು ಸಾವಿರ ಕೊಡುತ್ತಾರೆ. ಯಂತ್ರ ನಡೆಯಬೇಕು, ಅದಕ್ಕೆ ತಮ್ಮ ಬಳಿ ಉಳಿದ ಫ್ಲಾಪಿ ಬೇಕು, ನಡೆಸಿ ತೋರಿಸಲು ತಾವೂ ಬೇಕು. ಮೇಲಿನ ಹದಿನಾಲ್ಕು ಸಾವಿರವೂ ತಮ್ಮದೇ. ನನ್ನ ಹನ್ನೊಂದು ನನಗೆ ಬಂದರೆ ಸಾಕು. ಜಾಸ್ತಿ ಕೊಟ್ಟೆ ಎಂದು ಬೈಸಿಕೊಳ್ಳಬಲ್ಲೆ. ಕಮ್ಮಿ ಕೊಟ್ಟು ಸುಮ್ಮನಿದ್ದ ಎನ್ನಿಸಿಕೊಳ್ಳಲಾರೆ.

ಬರುವ ಭಾನುವಾರ ಅಂಗಡಿಗೆ ಬಂದರೆ ಅವರನ್ನೂ ಕರೆಸುತ್ತೇನೆ.

ಶಿವಮಲ್ಲಪ್ಪ

*

ನಂಜನಗೂಡು
19-11-2002

ಶ್ರೀ ಶಿವಮಲ್ಲಪ್ಪನವರಿಗೆ,

ತಮ್ಮ ಪತ್ರ ತಲುಪಿತು. ಕೆಲಸದ ಒತ್ತಡದಿಂದ ಉತ್ತರ ತಡವಾಯಿತು.

ಗಿರಾಕಿ ಇರಲಿಲ್ಲವೆಂಬುದು ನನಗೆ ಅಂದೇ ತಿಳಿದಿತ್ತು. ಗಿರಾಕಿ ಇದ್ದಿದ್ದರೆ ತಾವು ಒಂಬತ್ತರಿಂದ ಹನ್ನೊಂದಕ್ಕೆ ಬರಲು ಸಂಜೆಯವರೆಗೆ ನನ್ನ ಬೆರಳು ನೋಯಿಸುತ್ತಿದ್ದಿರಿ. ಒಂದೇ ಉಸಿರಿಗೆ ಬಂದಿರಿ. ಆದರೂ ನಾನು ಕೈ ಎಳೆದುಕೊಳ್ಳಲಿಲ್ಲ. ಅದರ ಕಾರಣವನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಮೇಲಿನ ಹದಿನಾಲ್ಕು ಸಾವಿರ ನನಗೆ ಬೇಡ. ಟವೆಲ್ ಕೆಳಗೆ ಆದ ವ್ಯಾಪಾರ ಆಯಿತು, ಆಮೇಲೆ ಎತ್ತು ಎಷ್ಟಕ್ಕೆ ಹೋದರೂ ಮಾರಿದವನು ಕೇಳಬಾರದು. ಆದರೆ ಫ್ಲಾಪಿ ಆ ವ್ಯಾಪಾರದಲ್ಲಿ ಸೇರಿರಲಿಲ್ಲ. ನಾನು ಕೊಡಲಿಲ್ಲ, ತಾವು ಕೇಳಲಿಲ್ಲ, ಇಬ್ಬರೂ ಪದ್ಧತಿ ಬಲ್ಲವರು. ಈಗ ಬೇಕಾಗಿದ್ದರೆ ಅದಕ್ಕೆ ಬೇರೆ ಬೆಲೆ. ಏಳು ಸಾವಿರ. ಇದರಲ್ಲಿ ಬಿಡುವುದಕ್ಕೆ ಪೈಸೆಗಳಿಲ್ಲ.

ಭಾನುವಾರ ನರಸೀಪುರಕ್ಕೆ ಬರುವಂತೆ ಬರೆದಿದ್ದಿರಿ. ಆಗುವುದಿಲ್ಲ. ಹಸುಗಳು ಭಾನುವಾರವೂ ಹಾಲು ಕೊಡುತ್ತವೆ. ಯಂತ್ರ ಬೇಕಾದವರು ಸಂಜೆಯ ಹೊತ್ತು ಹೆಮ್ಮರಗಾಲದ ಡೇರಿಗೆ ಬರಬಹುದು. ಅಲ್ಲಿ ಕರೆಂಟ್ ಇದೆ.

ಇತಿ,
ಮಹಾದೇವಸ್ವಾಮಿ
ಲೆಕ್ಕಿಗರು

*

ತಿ. ನರಸೀಪುರ
3-12-2002

ಮಂಗಳ,

ನಿನ್ನ ಮಾತು ಮೀರಿ ಅವರಿಗೆ ಬರೆದೆ. ಒಂದು ತಿಂಗಳು ನೀನು ಕಾಗದ ಹಾಕಲಿಲ್ಲ. ಹಾಕದಿದ್ದುದು ಸರಿಯೇ. ಆದರೂ ಭಾನುವಾರ ನಡೆದದ್ದನ್ನು ನಾನೇ ಹೇಳಬೇಕು, ಅವರು ಹೇಳಿದರೆ "ಯಂತ್ರ ವಿಲೇವಾರಿ ಆಯಿತು" ಅಂತ ಒಂದೇ ಸಾಲು ಹೇಳ್ತಾರೆ.

ಏಳು ಸಾವಿರ ಎಣಿಸಿ ಕೊಟ್ಟೆ. ಆರೂವರೆ ಅಂತ ಒಂದು ಸಲ ಬರೆದು ನೋಡಿದ್ದೆ, ಕೈ ಸುಮ್ಮನಿರಲಿಲ್ಲ. ಉತ್ತರವೇ ಬರಲಿಲ್ಲ. ಹಪ್ಪಳದಷ್ಟು ಪ್ಲಾಸ್ಟಿಕ್ಕಿಗೆ ಏಳು ಸಾವಿರ ಕೊಟ್ಟ ಮೊದಲ ಮನುಷ್ಯ ನಾನೇ ಇರಬೇಕು. ಅದರಲ್ಲಿ ಧರ್ಮ ಒಂದು ಕಾಸಿನದೂ ಇಲ್ಲ ಕಣವ್ವ. ನನ್ನ ಕತ್ತು ಹಿಡಿದು ತಗೊಂಡಿದ್ದಾರೆ. ಇಂಜಿನಿಯರ ದುಡ್ಡು ಬಂತು, ಯಂತ್ರ ಮೈಸೂರಿಗೆ ಹೋಯ್ತು. ಹೋಗೋ ಮುಂಚೆ ಹೊತ್ತಿಕೊಂಡು ಚೆನ್ನಾಗಿ ನಡೀತು. ಭಾವ ನಡೆಸಿದರು.

ಆದರೆ ನಾನು ಹೇಳಬೇಕಾದ್ದು ಅದಕ್ಕೆ ಮುಂಚಿನದು. ನಾವು ಹೋದಾಗ ಸಂಜೆಯ ಹಾಲಿನ ಹೊತ್ತು. ಡೇರಿ ಮುಂದೆ ಸಾಲು. ಭಾವ ಮೇಜಿನ ಹಿಂದೆ ಕೂತಿದ್ದಾರೆ, ಕಿವಿಯಲ್ಲಿ ಪೆನ್ನು. ಇಂಜಿನಿಯರು ಕಾರಿನಿಂದ ಪೆಟ್ಟಿಗೆ ಇಳಿಸಿಕೊಂಡು, ಒಂದು ಕಡೆ ವಾಲಿಕೊಂಡು, ಹಸುಗೂಸು ಎತ್ತಿಕೊಂಡ ಹಾಗೆ ತಂದರು. "ಮಹಾದೇವಸ್ವಾಮಿಗಳಲ್ವಾ? ಮೈಸೂರಿನಿಂದ ಬಂದಿದೀನಿ" ಅಂದರು. ಭಾವ ತಲೆ ಎತ್ತಲಿಲ್ಲ. ಒಬ್ಬ ಅಜ್ಜಿ ಚೊಂಬು ಇಟ್ಟಿದ್ದಳು. "ಏನಜ್ಜಿ, ನಿನ್ನ ಹಸು ಕಬಿನಿ ಹೊಳೇಲಿ ನಿಂತು ಹಾಲು ಕರೀತಾ?" ಅಂತ ಕೇಳ್ತಿದ್ದರು. ಸಾಲೆಲ್ಲ ನಗ್ತಿತ್ತು. ಅಜ್ಜಿ, "ನೀನು ಬರಿಯೋ ಲೆಕ್ಕ ಬರಿ ಕಣಪ್ಪ, ಅಸುವಿನ ಸುದ್ದಿ ಬ್ಯಾಡ" ಅಂದಳು. ಬರೆದರು.

ಇಂಜಿನಿಯರು ಸ್ವಲ್ಪ ಕಾದು, "ಎಷ್ಟು ಹೊತ್ತಾಗಬಹುದು ಸಾರ್?" ಅಂದರು.

"ಸಾಲು ಕಾಣ್ತಿಲ್ವಾ? ಇವರೆಲ್ಲ ಮನೆಗೆ ಹೋಗಿ ಒಲೆ ಹಚ್ಚಬೇಕು. ಕೂತ್ಕೊಳಿ" ಅಂದರು ಭಾವ.

ಇಪ್ಪತ್ತೈದು ಸಾವಿರ ಜೇಬಿನಲ್ಲಿಟ್ಟುಕೊಂಡ ಮನುಷ್ಯ ಪೆಟ್ಟಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕಲ್ಲು ಬೆಂಚಿನ ಮೇಲೆ ಕೂತರು. ಮಾತು ಬಿಟ್ಟೋರು ನನಗೆ ಕೂರು ಅಂತಾರಾ, ನಾನು ನಿಂತೇ ಇದ್ದೆ. ಆಗ ಭಾವ ತಲೆ ಎತ್ತಿ ನನ್ನ ನೋಡಿದರು. ಬೆಂಚಿನ ಮೇಲೆ ಯಾರದೋ ಖಾಲಿ ಕ್ಯಾನಿತ್ತು, ಅದನ್ನು ಕೆಳಗಿಡೋಕೆ ಒಬ್ಬರಿಗೆ ಸನ್ನೆ ಮಾಡಿದರು.

"ನೀವೂ ಕೂತ್ಕೊಳಿ" ಅಂದರು.

ಕೂತೆ.

ನಿನ್ನ ಅಣ್ಣ,
ಶಿವಮಲ್ಲಪ್ಪ